ಮೂರು ಚೀಲ, ಒಂದು ಮನಿ

‘ಕಾರಣಾಂತರದಿಂದ’ ಎಂದು ಬರೆದು ಬಸಂತರಾಯ ಪೆನ್ನು ಎತ್ತಿದ. ಇಂಡಿ ಪುರಸಭೆಯಲ್ಲಿ ಇಪ್ಪತ್ತೆಂಟು ವರ್ಷ ಕಾರಕೂನಿಕೆ ಮಾಡಿದ ಅವನನ್ನು ಈ ಶಬ್ದ ಒಮ್ಮೆಯೂ ಕೈಬಿಟ್ಟಿರಲಿಲ್ಲ. ನಳಕ್ಕೆ ನೀರು ಬಾರದಿದ್ದರೆ ಕಾರಣಾಂತರದಿಂದ, ಸಭೆ ಮುಂದಕ್ಕೆ ಹೋದರೆ ಕಾರಣಾಂತರದಿಂದ. ಯಾವ ಕಾರಣ ಎಂದು ಯಾರೂ ಮರಳಿ ಕೇಳುತ್ತಿರಲಿಲ್ಲ. ಆದರೆ ಈ ಬೆಳಗ್ಗೆ, ‘೧೯೮೮ರಲ್ಲಿ ಕಾರಣಾಂತರದಿಂದ ಈ ಆಟವು ನಿಂತುಹೋಯಿತು’ ಎಂಬ ಸಾಲು ಹಾಳೆಯ ಮೇಲೆ ಕೂತು ತನ್ನನ್ನೇ ನೋಡುತ್ತಿದೆ ಅನ್ನಿಸಿ ಅದರ ಮೇಲೆ ಚಹಾದ ಬಸಿ ಇಟ್ಟ. ಹೆಂಡತಿ ಸುವರ್ಣಾ ಬಂದು ಬಸಿ ಎತ್ತಿಕೊಂಡು ಹೋದಳು. ಸಾಲಿನ ಸುತ್ತ ಕಂದು ಬಣ್ಣದ ದುಂಡನೆಯ ಕಲೆ ಉಳಿಯಿತು. ಇನ್ನೊಂದು ಹಾಳೆ ತೆಗೆದುಕೊಳ್ಳಬೇಕು. ನಾಳೆ ಹತ್ತು ಗಂಟೆಗೆ ಉದ್ಯಾನದ ಉದ್ಘಾಟನೆ. ಪೇಂಟರ್ ಕಲ್ಮೇಶ ಬೋರ್ಡಿಗೆ ಬಿಳಿ ಬಣ್ಣ ಬಳಿದು ಮೂರು ದಿನದಿಂದ ಕಾಯುತ್ತಿದ್ದಾನೆ. ಮುಖ್ಯಾಧಿಕಾರಿ ಭಾಗ್ಯಜ್ಯೋತಿ ಮೇಡಮ್ಮು, ಅವನ ಮಗಳ ವಯಸ್ಸಿನ ಹುಡುಗಿ, ಕರೆದು ಹೇಳಿದ್ದಳು: “ರಾಯರ, ಆ ಬಯಲಾಗ ನೀವು ಬೇಸ್‌ಬಾಲ್ ಆಡೀರಂತಲ್ಲ. ಬಯಲಿನ ಇತಿಹಾಸ ಒಂದು ಹತ್ತು ಸಾಲು ಬರದು ಕೊಡ್ರಿ.” ಮೊದಲ ಎರಡು ದಿನ ಅವನಿಗೆ ಹೆಮ್ಮೆಯೇ ಆಗಿತ್ತು.

ಅಂಗಿ ಹಾಕಿಕೊಂಡು ಬಯಲಿನ ಕಡೆ ನಡೆದ. ಈಗ ಅದನ್ನು ಬಯಲು ಅನ್ನುವಂತಿಲ್ಲ. ತಾನು ಓದಿದ ದೊಡ್ಡ ಸಾಲಿಯ ಹಿಂದೆ ಐದು ಎಕರೆ ಕರಿ ಮಣ್ಣು, ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತಿದ್ದದ್ದು, ಈಗ ಸುತ್ತ ಹಸಿರು ಬಣ್ಣದ ಕಬ್ಬಿಣದ ಬೇಲಿ ಹಾಕಿಕೊಂಡು, ನಡುವೆ ಕಾರಂಜಿ, ಕಾರಂಜಿಯ ಸುತ್ತ ಕೆಂಪು ಕಲ್ಲಿನ ದಾರಿ, ದಾರಿಯ ಅಂಚಿಗೆ ಕೈಕಾಲು ಆಡಿಸುವ ಯಂತ್ರಗಳನ್ನು ಇಟ್ಟುಕೊಂಡು ಮದುವೆಗೆ ಬಂದ ದೂರದ ಬೀಗರ ಹಾಗೆ ಗಂಭೀರವಾಗಿ ಕೂತಿತ್ತು. ಚಂದ ಆಗಿದೆ, ಇಲ್ಲವೆನ್ನಲಾಗದು. ಊರಿನ ಹೆಂಗಸರಿಗೆ ಸಂಜೆ ಕೂರಲು ಒಂದು ಜಾಗ ಇರಲಿಲ್ಲ. ಉದ್ಯಾನದ ಕಡತವನ್ನು ಮೇಲಕ್ಕೆ ಕಳಿಸಿದವನೂ ಅವನೇ. ‘ಸದರಿ ಮೈದಾನವು ಪ್ರಸ್ತುತ ಯಾವುದೇ ಕ್ರೀಡೆಗೆ ಬಳಕೆಯಾಗುತ್ತಿಲ್ಲ’ ಎಂದು ತನ್ನ ದುಂಡು ಅಕ್ಷರದಲ್ಲಿ ಬರೆಯುವಾಗ ಪೆನ್ನು ಒಮ್ಮೆಯೂ ನಿಂತಿರಲಿಲ್ಲ. ಅದಕ್ಕೇ ಈಗ ಆಶ್ಚರ್ಯ. ಕಾರಂಜಿಯ ಹತ್ತಿರ ನಿಂತು ಲೆಕ್ಕ ಹಾಕಿದ. ಇಲ್ಲಿಂದ ಇಪ್ಪತ್ತು ಹೆಜ್ಜೆ ಪಶ್ಚಿಮಕ್ಕೆ ಮನಿ. ಅಲ್ಲಿಂದ ಬಲಕ್ಕೆ ಮೊದಲನೇ ಚೀಲ. ಎರಡನೇ ಚೀಲ ಆ ಸಿಮೆಂಟಿನ ಆನೆ ಇರುವಲ್ಲಿ.

ಚೀಲ ಅಂದರೆ ನಿಜವಾದ ಗೋಣಿಚೀಲವೇ, ಉಸುಕು ತುಂಬಿ ಬಾಯಿ ಹೊಲಿದದ್ದು. ನಿಜಾಮುದ್ದೀನ ಮಾಸ್ತರರು ಯಾವುದೋ ಶಿಬಿರಕ್ಕೆ ಹೋಗಿ ಬಂದವರು, ಒಂದು ಬ್ಯಾಟು, ಕೆಂಪು ಹೊಲಿಗೆಯ ಒಂದು ಬಿಳಿ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಎಂಟನೇ ಇಯತ್ತೆಯ ಹುಡುಗರ ಮುಂದೆ ನಿಂತು, “ಇದಕ್ಕ ಬೇಸ್‌ಬಾಲ್ ಅಂತಾರ. ಕ್ರಿಕೆಟ್ ಅಲ್ಲ. ಹೊಡದ ಮ್ಯಾಲ ಹಿಂದ ನೋಡಾಂಗಿಲ್ಲ, ಮೂರು ಚೀಲ ಮುಟ್ಟಿ ಮನಿಗೆ ಬರಬೇಕು” ಎಂದಿದ್ದರು. ಡ್ರಿಲ್ಲಿನ ಮಾಸ್ತರರು, ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು, ಅದಕ್ಕೆ ದಿನವೂ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಮನಿ ಅಂದರೆ ಒಂದು ಚೌಕ ಕಡಪಾ ಕಲ್ಲು. ಒಂದೇ ಚೆಂಡು ಸವೆಯಬಾರದೆಂದು ಅಭ್ಯಾಸವೆಲ್ಲ ನಿಂಬಿಕಾಯಿಯ ಮೇಲೆ. ಸುತ್ತಲೂ ನಿಂಬಿ ತೋಟಗಳೇ, ಬಿದ್ದ ಕಾಯಿ ಬುಟ್ಟಿಗಟ್ಟಲೆ ಸಿಗುತ್ತಿತ್ತು. ಬ್ಯಾಟಿಗೆ ತಾಗಿದ ಕಾಯಿ ಚಿಟ್ಟನೆ ಒಡೆದು ರಸ ಮುಖಕ್ಕೆ ಸಿಡಿದು ಕಣ್ಣು ಉರಿಯುತ್ತಿತ್ತು, ಮನೆಗೆ ಹೋದರೆ ಅವ್ವ ಮೂಗು ಅರಳಿಸಿ, “ಉಪ್ಪಿನಕಾಯಿ ಹಾಕಿ ಬಂದಿ ಏನೋ” ಅನ್ನುತ್ತಿದ್ದಳು. ಎರಡು ವರ್ಷದಲ್ಲಿ ಆಟ ಸಿಂದಗಿಗೆ, ಬಸವನ ಬಾಗೇವಾಡಿಗೆ ಹಬ್ಬಿತು. ಒಮ್ಮೆ ಸಿಂದಗಿಯ ಹುಡುಗರು ಜೋಳದ ಲಾರಿಯ ಮೇಲೆ ಕೂತು ಪಂದ್ಯಕ್ಕೆ ಬಂದರು, ತಲೆಯ ತುಂಬ ಜೋಳದ ಧೂಳು, ನಕ್ಕರೆ ಹಲ್ಲು ಮಾತ್ರ ಬೆಳ್ಳಗೆ. ಆ ದಿನ ಬಸಂತರಾಯ ಹೊಡೆದ ಚೆಂಡು ಸಾಲಿಯ ಹಂಚು ದಾಟಿ ಬಿತ್ತು. ಅವನು ಓಡಿದ, ಮೊದಲ ಚೀಲ, ಎರಡನೇ ಚೀಲ, ಮೂರನೆಯದು. ಮನಿಯ ಕಲ್ಲಿನ ಹಿಂದೆ ಅದೇ ತಂಡದ ಗೆಳೆಯ ದಿಲಾವರ ಎರಡೂ ಕೈ ಚಾಚಿ “ಬಾ ಲೇ ಬಸ್ಯಾ, ಬಾ” ಎಂದು ಕೂಗುತ್ತಿದ್ದ. ಅಷ್ಟು ಬೇಕಾದವನಾಗಿ ಅವನು ಮತ್ತೆ ಯಾರ ಕಡೆಗೂ ಓಡಿರಲಿಲ್ಲ.

“ಬಸಂತರಾಯ ಅಣ್ಣಾರ ನೀವ ಏನ್ರಿ?”

ಕಾರಂಜಿಯ ಆಚೆ ನಲವತ್ತು ದಾಟಿದ ಹೆಂಗಸು ನಿಂತಿದ್ದಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಚೌಕಟ್ಟು. “ನಾನು ನಜಮಾರಿ. ನಿಜಾಮುದ್ದೀನ ಮಾಸ್ತರ ಮಗಳು. ಮುದ್ದೇಬಿಹಾಳದಾಗ ಕನ್ನಡ ಸಾಲಿ ಟೀಚರ್ ಅದೇನಿ. ನಿಮ್ಮ ಮೇಡಮ್ಮರು ಫೋನ್ ಮಾಡಿ, ಅಬ್ಬಾನ ಫೋಟೋ ಇದ್ರ ತರ್ರಿ ಅಂದ್ರು.” ಬಸಂತರಾಯನಿಗೆ ಆರು ವರ್ಷದ ಮೊಂಡು ಹುಡುಗಿಯೊಂದು ನೆನಪಾಯಿತು. ಮೂರನೇ ಚೀಲದ ಮೇಲೆ ಕೂತು ಏಳುವುದಿಲ್ಲ ಎನ್ನುತ್ತಿತ್ತು. ಅವಳು ಕಾಗದ ಬಿಚ್ಚಿದಳು. ಒಂಬತ್ತು ಹುಡುಗರು. ನಡುವೆ ಮಾಸ್ತರರು, ಅವರ ಕೈ ಬಸಂತರಾಯನ ಹೆಗಲ ಮೇಲೆ. “ಮಾಸ್ತರ್ರು...” ಅಂದ. “ನಾಕು ವರ್ಷ ಆತ್ರಿ ಹೋಗಿ.” ತೀರಿಕೊಂಡದ್ದು ಅವನಿಗೆ ಆಗಲೇ ಗೊತ್ತಿತ್ತು. ಮಣ್ಣಿಗೆ ಹೋಗಿರಲಿಲ್ಲ. ಕಚೇರಿಯಲ್ಲಿ ಆಡಿಟ್ ಇತ್ತು.

“ಒಂದ ಮಾತ ಕೇಳಾಕ ಬಂದೇನ್ರಿ ಅಣ್ಣಾರ,” ನಜಮಾ ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸುತ್ತ ಅಂದಳು. “ಬೋರ್ಡಿನ ಮ್ಯಾಲ ಅಬ್ಬಾನ ಹೆಸರ ಹಾಕಬ್ಯಾಡ್ರಿ. ಫೋಟೋನೂ ಬ್ಯಾಡ. ನೀವು ಇಟ್ಕೋರಿ.”

“ಯಾಕ ತಂಗಿ?”

“ಹುಡುಗನ ಕಣ್ಣು ತೆಗದ ಮಾಸ್ತರ ಅಂತಿದ್ರು. ಮುದ್ದೇಬಿಹಾಳಕ ಬಂದ ಮ್ಯಾಲೂ ಬಿಡಲಿಲ್ಲ ಆ ಮಾತು. ನನ್ನ ಲಗ್ನದ ಮಾತಿನ್ಯಾಗೂ ಒಬ್ರು ಎತ್ತಿದ್ರು. ಈಗ ಅವರು ಮಣ್ಣಾಗ ಅದಾರ. ಇಲ್ಲಿ ಹೆಸರ ಬಂದ್ರ ನೋಡಿದ ಮುದುಕರು ಮತ್ತ ಅದನ್ನ ತಗೀತಾರ. ಆಟ ಇತ್ತು ಅಂತ ಬರೀರಿ, ಸಾಕು.”

ಬಸಂತರಾಯ, “ಆತು ತಂಗಿ,” ಅಂದ. ಅಂದದ್ದು ತಾನೇ ಎಂಬುದು ಅವಳು ಗೇಟು ದಾಟಿದ ಮೇಲೆ ಗೊತ್ತಾಯಿತು. ಎಷ್ಟು ಸಲೀಸಾಗಿ ಬಂತು ಅದು. ಮೂವತ್ತೇಳು ವರ್ಷದ ಹಿಂದೆಯೂ ಹೀಗೇ ಬಂದಿತ್ತು, ಇದೇ ಬಯಲಿನಲ್ಲಿ, ಜನವರಿಯ ಸಂಜೆ. ಹತ್ತನೇ ಇಯತ್ತೆ. ಆಟ ಮುಗಿದು ದಿಲಾವರನೊಬ್ಬನನ್ನು ಬಿಟ್ಟು ಉಳಿದ ಹುಡುಗರು ಹೋಗಿದ್ದರು, ಮಾಸ್ತರರು ಚೀಲಗಳನ್ನು ಹೊತ್ತು ಒಳಗಿಡಲು ಸಾಲಿಯ ಕಡೆ ಹೋಗಿದ್ದರು. ತಾವಿಲ್ಲದಾಗ ಬ್ಯಾಟು ಮುಟ್ಟಬಾರದು ಎಂಬುದು ಅವರ ಒಂದೇ ಕಟ್ಟಳೆ. ಅವನು ಮುಟ್ಟಿದ. ಬುಟ್ಟಿಯಲ್ಲಿ ಒಂದು ನಿಂಬಿಕಾಯಿ ಉಳಿದಿತ್ತು, ಅದನ್ನು ತಾನೇ ಮೇಲಕ್ಕೆ ಹಾರಿಸಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸಿದ. ಚಿಟ್ಟನೆ ಸಪ್ಪಳವಾಯಿತು. ಹೊಡೆದೆ ಎಂದುಕೊಂಡ. ಖುಷಿಯೇ ಆಗಿತ್ತು, ಒಂದು ಗಳಿಗೆ ಪೂರ್ತಿ ಖುಷಿ, ಇದನ್ನು ಅವನು ಸುವರ್ಣಾಳಿಗೂ ಹೇಳಿಲ್ಲ. ಕಾಯಿ ಒಡೆಯದೆ ಕಾಲ ಬಳಿ ಬಿದ್ದಿತ್ತು. ಹಿಂದೆ ಬಗ್ಗಿ ಕೈಗವಸು ಎತ್ತುತ್ತಿದ್ದ ದಿಲಾವರ ಬ್ಯಾಟಿನ ಪೆಟ್ಟಿಗೆ ಮುಖ ಹಿಡಿದುಕೊಂಡು ಕೂತಿದ್ದ, ಬೆರಳಿನ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಮಾಸ್ತರರು ಓಡಿ ಬಂದರು. ಕಿಸೆಯಿಂದ ದಸ್ತಿ ತೆಗೆದು ಕಣ್ಣಿಗೆ ಕಟ್ಟಿ, ದಿಲಾವರನನ್ನು ಕೂಸಿನ ಹಾಗೆ ಎತ್ತಿಕೊಂಡರು. ಬಿಳಿ ಅಂಗಿ ಕೆಂಪಾಯಿತು. ನಂತರ ಬಸಂತರಾಯನ ಕಡೆ ತಿರುಗಿ, ಬೈಯದೆ, ತಂಡದಲ್ಲಿ ಜಾಗ ಹಂಚುವಾಗ ಹೇಳುತ್ತಿದ್ದಂಥ ದನಿಯಲ್ಲೇ, “ಬ್ಯಾಟ್ ನನ್ನ ಕೈಯಾಗಿತ್ತು. ನೀ ಇಲ್ಲಿ ಇದ್ದಿಲ್ಲ. ನನ್ನ ಕೈಯಿಂದ ಆತಂದ್ರ ಸಾಲಿ ಮಾತು ಆಕ್ಕೈತಿ, ನಿನ್ನ ಕೈಯಿಂದ ಆತಂದ್ರ ನಿಮ್ಮ ಓಣಿ, ನಮ್ಮ ಓಣಿ, ಎರಡು ಓಣಿ ಮಾತು ಆಕ್ಕೈತಿ. ಊರು ಈಗ ಸರಿ ಇಲ್ಲ. ಮನಿಗೆ ನಡಿ” ಅಂದರು. “ಆತ್ರಿ,” ಅಂದ ಅವನು. ಅಷ್ಟೇ. ಬಾವಿಯ ನೀರಿನಲ್ಲಿ ಕೈ ತೊಳೆದುಕೊಂಡು ಮನೆಗೆ ಹೋದ. ಅವ್ವ ಬಡಿಸಿದ ಎರಡು ರೊಟ್ಟಿ ತಿಂದು ಮೂರನೆಯದು ಕೇಳಿದ. ಹಸಿವಾಗಿತ್ತು. ಈ ಹಸಿವನ್ನು ಅವನು ತನಗೆ ಎಂದೂ ಮಾಫಿ ಮಾಡಿಕೊಂಡಿರಲಿಲ್ಲ. ಹೆದರಿದ್ದನ್ನು ಮಾಡಿಕೊಳ್ಳಬಹುದು, ಹದಿನಾರು ವರ್ಷ. ಆದರೆ ಮೂರನೆಯ ರೊಟ್ಟಿ? ಮುಂದಿನ ತಿಂಗಳು ಸಾಲಿಯವರು ಆಟ ನಿಲ್ಲಿಸಿದರು, ಮಾಸ್ತರರನ್ನು ಮುದ್ದೇಬಿಹಾಳದ ಕಡೆ ಕಳಿಸಿದರು. ಹೋಗುವ ದಿನ ಅವರು ವರ್ಗದ ಬಾಗಿಲಲ್ಲಿ ನಿಂತು, “ಪರೀಕ್ಷೆ ಛೊಲೊ ಬರೀರಿ” ಎಂದರು. ಎಲ್ಲರಿಗೂ ಅಂದದ್ದು, ತನಗೊಬ್ಬನಿಗೇ ಅಂದದ್ದು. ಅವನು ಛೊಲೊ ಬರೆದ.

ಕಲ್ಮೇಶನ ಅಂಗಡಿಗೆ ಹೋಗಬೇಕಾಗಿತ್ತು. ಕಿಸೆಯಲ್ಲಿ ಹಾಳೆ ಇತ್ತು, ಹೆಸರೊಂದನ್ನು ಹೊಡೆದು ಹಾಕಿದರೆ ಮುಗಿಯಿತು, ಕೇಳಿದವಳು ಸ್ವಂತ ಮಗಳೇ. ಆದರೆ ಕಾಲು ಬಸ್ ಸ್ಟ್ಯಾಂಡಿನ ಕಡೆ ತಿರುಗಿತು. ಅಲ್ಲಿ ಗೋಡೆಗೆ ಆತು ಕೂತ ಸಣ್ಣ ಅಂಗಡಿಯಲ್ಲಿ ದಿಲಾವರ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಎಡಗಣ್ಣಿನ ಜಾಗದಲ್ಲಿ ಗಾಜಿನ ಕಣ್ಣು, ಅದು ಯಾವಾಗಲೂ ಸ್ವಲ್ಪ ಆಚೆ, ಬಸ್ಸುಗಳ ಕಡೆ ನೋಡುತ್ತದೆ. ಇಷ್ಟು ವರ್ಷ ಇಬ್ಬರೂ ಇದೇ ಊರಿನಲ್ಲಿ ಇದ್ದಾರೆ. ಎದುರಾದಾಗ ದಿಲಾವರ, “ಆರಾಮರಿ ರಾಯರ?” ಅನ್ನುತ್ತಾನೆ. ಆ ‘ರಿ’ ಬಸಂತರಾಯನ ಎದೆಗೆ ಸಣ್ಣ ಹರಳಿನಂತೆ ಬಂದು ತಾಗುತ್ತದೆ. “ಆರಾಮ,” ಅಂದು ದಾಟಿಬಿಡುತ್ತಾನೆ. ಇವತ್ತು ದಾಟದೆ ಸ್ಟೂಲಿನ ಮೇಲೆ ಕೂತ. ಫೋಟೋ ಮುಂದಿಟ್ಟ. ನಜಮಾ ಹೇಳಿದ್ದನ್ನು ಹೇಳಿದ, ತಾನು ಆತು ಅಂದದ್ದನ್ನೂ ಹೇಳಿದ. ದಿಲಾವರ ಎಣ್ಣೆಯ ಕೈ ಒರೆಸಿಕೊಂಡು ಫೋಟೋವನ್ನು ಬಲಗಣ್ಣಿಗೆ ಹತ್ತಿರ ಹಿಡಿದ.

“ಸೊಲ್ಲಾಪುರದ ದವಾಖಾನ್ಯಾಗ ಇಪ್ಪತ್ತ ದಿನ ಇದ್ದೆ,” ಅಂದ. “ಹೆಡ್‌ಮಾಸ್ತರ್ರು ಕೇಳಾಕ ಬರ್ತಾರ ಅಂದ ದಿನ ನಿಜಾಮುದ್ದೀನ ಮಾಸ್ತರ್ರು ನನ್ನ ಕಾಲ ಹಿಡಕೊಂಡ್ರು. ಹುಡುಗನ ಕಾಲ. ನಾ ಹೂಂ ಅಂದೆ. ನಾನೂ ಸುಳ್ಳ ಹೇಳೇನಿ, ನೀವೊಬ್ಬರ ಅಲ್ಲ.”

“ದಿಲಾವರ, ನಿನ್ನ ಕಣ್ಣು...”

“ಕಣ್ಣಿನ ಮಾತಲ್ರಿ. ಕಣ್ಣು ಹ್ವಾತು, ಆತು. ಆ ಇಪ್ಪತ್ತ ದಿನ ಬಾಗಲಾ ಸಪ್ಪಳ ಆದಾಗೊಮ್ಮೆ ಬಸ್ಯಾ ಬಂದ ಅನಸ್ತಿತ್ತು. ನೀವು ಬರಲಿಲ್ಲ. ಊರಿಗೆ ಬಂದ ಮ್ಯಾಲೂ ಬರಲಿಲ್ಲ. ಮಾಸ್ತರ್ರು ಮುದ್ದೇಬಿಹಾಳದಿಂದ ತಿಂಗಳಿಗೊಮ್ಮೆ ಆಯ್ತವಾರ ಬಸ್ ಹಿಡದು ಬರ್ತಿದ್ರು. ಒಂದ ಕಣ್ಣಿಲೆ ಸೂಜಿಗೆ ದಾರ ಪೋಣಸೂದು ಅವರ ಕಲಿಸಿದ್ದು. ತಾವೂ ಒಂದ ಕಣ್ಣ ಮುಚ್ಚಿಕೊಂಡು ಕೂಡತಿದ್ರು, ಎದುರಿಗೆ. ನನಗಿಂತ ಮೊದಲ ಅವರಿಗೆ ಬಂತು ನೋಡ್ರಿ.” ದಿಲಾವರ ನಕ್ಕ. ಹೊರಗೆ ಕಲಬುರ್ಗಿಯ ಬಸ್ಸು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರ್ ಅದರ ಬೆನ್ನು ಬಡಿಯುತ್ತಿದ್ದ. ಬಸಂತರಾಯನಿಗೆ ಆ ದೃಶ್ಯ ಬಿಡದೆ ಕಾಣಿಸತೊಡಗಿತು, ಎರಡೂ ಕಣ್ಣಿದ್ದ ಮನುಷ್ಯ ಒಂದನ್ನು ಮುಚ್ಚಿಕೊಂಡು ದಾರದ ತುದಿ ತುಟಿಗೆ ತಾಗಿಸಿ ಒದ್ದೆ ಮಾಡಿಕೊಳ್ಳುವುದು. ಅಂಥ ಎಷ್ಟೋ ಆಯ್ತವಾರ ತಾನು ಇದೇ ಊರಿನಲ್ಲಿ, ಎರಡು ಓಣಿ ಆಚೆ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ.

“ಆಕೀಗೆ ಹೇಳಬೇಕು,” ಅಂದ. “ನೀ ಹೂಂ ಅಂದ್ರ.”

“ಹೇಳ್ರಿ. ನಾ ಇಲ್ಲೇ ಇರ್ತೇನಿ.”

ನಜಮಾ ಹೊರಪೇಟೆಯ ಸಂಬಂಧಿಕರ ಮನೆಯಲ್ಲಿ ಇಳಿದಿದ್ದಳು. ಫೋನ್ ಮಾಡಿದ್ದಕ್ಕೆ ಬಂದಳು. ದಿಲಾವರನನ್ನು ಕಂಡು ಬಾಗಿಲಲ್ಲೇ ತಡೆದಳು. ತನ್ನ ಅಬ್ಬಾನಿಂದ ಕಣ್ಣು ಹೋಯಿತೆಂದು ಊರು ಅನ್ನುತ್ತಿದ್ದ ಹುಡುಗ ಇವನೇ ಎಂದು ಗಾಜಿನ ಕಣ್ಣು ನೋಡಿ ಆಕೆಗೆ ಗುರುತು ಹತ್ತಿತು. ದಿಲಾವರ ಎದ್ದು ಸ್ಟೂಲು ಒರೆಸಿ ಕೊಟ್ಟ. ಚಹಾ ಹೇಳಿದ. ಬಸಂತರಾಯ ನಿಂತೇ ಹೇಳಿದ. ಆಫೀಸಿನ ಭಾಷೆ ಬರಬಾರದೆಂದು ಬಹಳ ಎಚ್ಚರ ವಹಿಸಿದ, ಆದರೂ ಒಂದೆಡೆ ‘ಸದರಿ ದಿನದಂದು’ ಎಂದು ಬಂದುಬಿಟ್ಟಿತು, ಕಿವಿ ಬಿಸಿಯಾಯಿತು. ನಿಂಬಿಕಾಯಿಯ ಮಾತು ಹೇಳಿದ, ರೊಟ್ಟಿಯ ಮಾತೂ ಹೇಳಿದ. ಮುಗಿದ ಮೇಲೆ ನಜಮಾ ಅವನನ್ನು ಬಿಟ್ಟು ದಿಲಾವರನನ್ನು ಕೇಳಿದಳು:

“ನಮ್ಮ ತಮ್ಮ ಅಮೀರ ಚಿಣ್ಣಿದಾಂಡು ಆಡಿದ್ರ ಅಬ್ಬಾ ಕೋಲು ಕಸಗೊಂಡು ಒಲಿಗೆ ಹಾಕತಿದ್ರು. ಅವರಿಗೆ ತಮ್ಮ ಕೈ ಕಂಡ್ರ ಅಂಜಿಕಿ ಅಂತ ಅಮ್ಮಿ ಹೇಳತಿದ್ಲು. ಕೈ ಏನೂ ಮಾಡಿದ್ದಿಲ್ಲಂದ್ರ ಯಾಕ ಅಂಜತಿದ್ರು?”

“ಚೀಲ ಇಟ್ಟು ಬರಾಕ ಐದ ನಿಮಿಷ ಬಿಟ್ಟು ಹೋಗಿದ್ರವಾ,” ದಿಲಾವರ ಅಂದ. “ಆ ಐದ ನಿಮಿಷ ಅವರು ತಮ್ಮದ ಅಂತ ತಿಳಕೊಂಡಿದ್ರು.”

ಅವಳು ಹೊಲಿಗೆ ಯಂತ್ರದ ಚಕ್ರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದಳು. ಆಮೇಲೆ ಬಸಂತರಾಯನ ಕಡೆ ತಿರುಗಿದಳು. “ಮುಂಜಾನೆ ನಾ ಹೆಸರ ಬ್ಯಾಡ ಅಂದಾಗ ನೀವು ಆತು ಅಂದ್ರಿ.” ಅವನು ತಲೆ ತಗ್ಗಿಸಿದ. “ಅದ ಒಂದ ನನಗ ತಿಳೀವಲ್ದು ಅಣ್ಣಾರ. ಹುಡುಗರಿದ್ದಾಗಿನ ಮಾತು ಬಿಡ್ರಿ. ಇವತ್ತ ಮುಂಜಾನೆ ನಿಮಗ ಐವತ್ತಮೂರು ವರ್ಷ ಆಗಿತ್ತಲ್ಲ.” ಎದ್ದು ಚಹಾ ಮುಟ್ಟದೆ ಹೋದಳು. ಬಸಿಯಲ್ಲಿ ಕೆನೆ ಕಟ್ಟಿತು. ದಿಲಾವರ ಅದನ್ನು ಎತ್ತಿ ತಾನೇ ಕುಡಿದ.

ಸಂಜೆ ಆರಕ್ಕೆ ಬಸಂತರಾಯ ಮೇಡಮ್ಮರ ಟೇಬಲ್ಲಿನ ಮೇಲೆ ಹೊಸ ಹಾಳೆ ಇಟ್ಟ. ಹತ್ತು ಸಾಲು ಹನ್ನೆರಡಾಗಿತ್ತು. ‘ಕಾರಣಾಂತರದಿಂದ’ ಇರಲಿಲ್ಲ. ಭಾಗ್ಯಜ್ಯೋತಿ ಓದಿದಳು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದಳು, ಬ್ಯಾಟು ನಿಜಕ್ಕೂ ಯಾರ ಕೈಯಲ್ಲಿತ್ತು ಎಂದು ಬರೆದ ಕೊನೆಯ ಎರಡು ಸಾಲಿನ ಮೇಲೆ ಕೆಂಪು ಪೆನ್ನು ಆಡಿಸಿದಳು. “ಮಾಸ್ತರ ಹೆಸರ ದೊಡ್ಡದಾಗಿ ಬರ್ಲಿ ರಾಯರ. ಆದ್ರ ಇದು... ಸರಕಾರಿ ಬೋರ್ಡಿನ ಮ್ಯಾಲ ಇದು ಬರೂದಿಲ್ಲ. ಮಕ್ಕಳು ಓದ್ತಾರ.” ಇಪ್ಪತ್ತೆಂಟು ವರ್ಷದಲ್ಲಿ ಅವನು ಕೆಂಪು ಪೆನ್ನಿಗೆ ಎದುರು ಆಡಿದವನಲ್ಲ. “ಹಂಗಾರ ನಾಳಿ ನನಗ ಎರಡ ನಿಮಿಷ ಮೈಕ್ ಕೊಡ್ರಿ ಮೇಡಮ್,” ಅಂದ. ಅವಳು ಅವನ ಮುಖ ನೋಡಿದಳು, ಏನನ್ನಿಸಿತೋ, “ಸ್ವಾಗತ ಆದ ಕೂಡ್ಲೆ ಮಾತಾಡ್ರಿ,” ಅಂದಳು.

ಮರುದಿನ ಶಾಮಿಯಾನದ ಕೆಳಗೆ ಇನ್ನೂರು ಜನ. ಕಲ್ಮೇಶ ಬೆಳಗಿನ ಜಾವ ಎದ್ದು ಬರೆದ ಬೋರ್ಡು ಗೇಟಿನ ಪಕ್ಕ ನಿಂತಿತ್ತು, ‘ಶ್ರೀ ನಿಜಾಮುದ್ದೀನ ಮಾಸ್ತರ’ ಎಂಬಲ್ಲಿ ಬಣ್ಣ ಇನ್ನೂ ಹಸಿ, ಅಂಟಿದ ಒಂದು ನೊಣ ಕಾಲು ಝಾಡಿಸುತ್ತಿತ್ತು. ಬಸಂತರಾಯ ಸಾಲು ಸಾಲಾಗಿ ಕಣ್ಣಾಡಿಸಿದ. ದಿಲಾವರ ಹಿಂದಿನ ಸಾಲಿನಲ್ಲಿ. ನಜಮಾ ಇಲ್ಲ. ಮುದ್ದೇಬಿಹಾಳದ ಬಸ್ಸು ಎಂಟಕ್ಕೇ ಬಿಟ್ಟಿತ್ತು. ಇನ್ನು ಹೇಳಿ ಏನು, ಹೇಳಬೇಕಾದವರಿಗೆ ಹೇಳಿ ಆಯಿತಲ್ಲ ಎಂದು ಒಳಗೆ ಹಳೆಯ ದನಿ ಎದ್ದಿತು, ಅದೂ ಛೊಲೊ ಆಫೀಸಿನ ಕನ್ನಡದಲ್ಲಿ. ಹೆಸರು ಕರೆದರು. ಮೈಕಿನ ಮುಂದೆ ನಿಂತ. “ಮಾನ್ಯರೇ” ಅಂದ, ಮುಂದೆ ಬರಲಿಲ್ಲ. ಮುಂದಿನ ಸಾಲಿನ ಒಬ್ಬ ಆಕಳಿಸಿದ. ಹಾಳೆಯನ್ನು ಕಿಸೆಗೆ ಹಾಕಿಕೊಂಡು, “ಈ ಬಯಲಾಗ ಒಂದ ಸುಳ್ಳು ಮೂವತ್ತೇಳು ವರ್ಷದಿಂದ ಐತ್ರಿ, ಅದು ನಂದು,” ಎಂದು ಮನೆಯ ಮಾತಿನಲ್ಲೇ ಶುರು ಮಾಡಿದ. ಸುವರ್ಣಾ ಹೆಂಗಸರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡಳು. ಒಬ್ಬ ಮುದುಕ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಹಿಂದೆ ಯಾರೋ ಫೋನಿನಲ್ಲಿ ನಿಂಬಿಯ ದರ ಕೇಳುತ್ತಲೇ ಇದ್ದ. ಎರಡು ನಿಮಿಷವೂ ಹಿಡಿಯಲಿಲ್ಲ. ಇಳಿದಾಗ ಚಪ್ಪಾಳೆ ಬೀಳಲಿಲ್ಲ, ಬೈಗಳೂ ಬೀಳಲಿಲ್ಲ. ಮುಂದಿನವರ ಹೆಸರು ಕರೆದರು. ಊರು ಇಷ್ಟು ಸುಲಭವಾಗಿ ಕೇಳಿಸಿಕೊಳ್ಳುತ್ತದೆ ಎಂಬುದು ಅವನಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟಾಯಿತು.

ರಿಬ್ಬನ್ನು ಕತ್ತರಿಸಿ, ಪೇಢೆ ಹಂಚಿ, ದೊಡ್ಡವರ ಗಾಡಿಗಳು ಹೋದವು. ಜನ ಕೆಂಪು ದಾರಿಯ ಮೇಲೆ ಗುಂಪುಗುಂಪಾಗಿ ಸುತ್ತತೊಡಗಿದರು. ಬಸಂತರಾಯ ಶಾಮಿಯಾನದ ಕಂಬ ಹಿಡಿದು ನಿಂತಿದ್ದ. ನಜಮಾ ಬೋರ್ಡಿನ ಹಿಂದಿನಿಂದ ಬಂದಳು. ಅಲ್ಲೇ ನಿಂತು ಕೇಳಿದ್ದಳೋ, ಈಗ ಬಂದಳೋ, ಕೇಳುವ ಧೈರ್ಯವಾಗಲಿಲ್ಲ. ಮುಖದಲ್ಲಿ ಸಿಟ್ಟು ಹಾಗೇ ಇತ್ತು.

“ಅಬ್ಬಾ ಎಲ್ಲಿ ನಿಂದರ್ತಿದ್ರು, ತೋರಿಸ್ರಿ,” ಅಂದಳು.

ಅವನು ಮುಂದೆ ನಡೆದ, ಅವಳು ನಾಲ್ಕು ಹೆಜ್ಜೆ ಹಿಂದೆ. ಸಿಮೆಂಟಿನ ಆನೆಯನ್ನು ಬಳಸಿ, ಹುಲ್ಲು ದಾಟಿ, ದಾರಿ ತಿರುಗುವ ಜಾಗದಲ್ಲಿ ಅವನು ನಿಂತು ಬೂಟಿನ ತುದಿಯಿಂದ ಒಂದು ಕೆಂಪು ಕಲ್ಲು ಮುಟ್ಟಿ ತೋರಿಸಿದ. ಅವಳು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು. ಬಿಸಿಲಿಗೆ ಕಲ್ಲು ಕಾದಿರಬೇಕು, ಕಾಲು ಬದಲಿಸಲಿಲ್ಲ. ಹೊಸ ಬೂಟು ಹಾಕಿಕೊಂಡ ಗಂಡಸರು, ಕೂಸು ಎತ್ತಿಕೊಂಡ ಹೆಂಗಸರು ಅವಳ ಎರಡೂ ಬದಿಯಿಂದ ಹಾದು ಹೋದರು.

“ಇಲ್ಲಿಂದ ಅವರಿಗೆ ಏನ ಕಾಣತಿತ್ತು?” ಅವಳು ಕೇಳಿದಳು.

ಬಸಂತರಾಯ ಅವಳ ಪಕ್ಕಕ್ಕೆ ಬರದೆ, ತಾನು ನಿಂತಲ್ಲಿಂದಲೇ ಪಶ್ಚಿಮಕ್ಕೆ ನೋಡಿದ.

“ನಾವು ಕಾಣತಿದ್ವಿ,” ಅಂದ. “ಒಂಬತ್ತ ಮಂದಿ.”